ನೆಲ ಡೊಂಕೋ, ಕುಣಿತ ಡೊಂಕೋ: ಗಿಟಾರ್ ಪಾಠ ಮುಂದೆ ಹೋಗದಿದ್ದಾಗ ದೋಷ ಹುಡುಕುವುದು ಹೇಗೆ

ಎರಡು ತಿಂಗಳು ಎಫ್ ಕಾರ್ಡ್ ನನ್ನನ್ನು ಆಟ ಆಡಿಸಿತು. ಕಾರ್ಡ್ ಅಂದರೆ ಹಲವು ಸ್ವರ ಒಟ್ಟಿಗೆ ಬರುವ ಹಾಗೆ ತಂತಿಗಳನ್ನು ಒತ್ತಿ ಹಿಡಿಯುವುದು; ಎಫ್‌ನಲ್ಲಿ ತೋರುಬೆರಳೊಂದೇ ಆರೂ ತಂತಿಗಳ ಮೇಲೆ ಅಡ್ಡ ಮಲಗಬೇಕು. ಮೇಷ್ಟ್ರ ಮುಂದೆ ಕೂತಾಗ ಸುಮಾರಾಗಿ ಬರುತ್ತಿತ್ತು. ಮನೆಗೆ ಬಂದರೆ ಆರು ತಂತಿಯಲ್ಲಿ ಮೂರು ಮೂಕ, ಒಂದು ಜುಂಯ್ ಅನ್ನುತ್ತಿತ್ತು, ತೋರುಬೆರಳು ಮಾತ್ರ ಉರಿಯುತ್ತಿತ್ತು. "ಮನೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಕೂತುಕೊಳ್ಳಿ" ಅಂದರು ಮೇಷ್ಟ್ರು. ಕೂತೆ. ಉರಿ ಜಾಸ್ತಿ ಆಯಿತು, ಕಾರ್ಡ್ ಇದ್ದಲ್ಲೇ ಇತ್ತು.

ನಾನು ಆಫೀಸಿನಿಂದ ನೇರ ಕ್ಲಾಸಿಗೆ ಹೋಗುತ್ತಿದ್ದೆ. ದಿನವಿಡೀ ಗಿಟಾರ್ ಹೊತ್ತು ತಿರುಗುವುದು ಯಾರಿಗೆ ಬೇಕು ಅಂತ ಅಲ್ಲಿದ್ದ ಇನ್ನೊಂದು ಗಿಟಾರನ್ನೇ ನುಡಿಸುತ್ತಿದ್ದೆ. ನನ್ನದನ್ನು ಅವರು ನೋಡಿಯೇ ಇರಲಿಲ್ಲ. ಕೊನೆಗೆ ಒಂದು ರಜೆಯ ದಿನ ಹೊತ್ತುಕೊಂಡು ಹೋದೆ. ಅವರು ಅದನ್ನು ತೊಡೆಯ ಮೇಲಿಟ್ಟು ಎಫ್ ಹಿಡಿದರು, ಒಮ್ಮೆ ಮೀಟಿದರು, ನನ್ನ ಮುಖ ನೋಡಿದರು. "ಇಷ್ಟು ದಿನ ಇದರಲ್ಲಾ ಒದ್ದಾಡಿದ್ದು ನೀವು?" ಅಂದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆ ನಮಗೆಲ್ಲ ಗೊತ್ತು. ಆ ಮಾತು ಎಲ್ಲಿ ನಮಗೇ ಅಂಟುತ್ತದೋ ಅನ್ನುವ ಭಯಕ್ಕೆ ಹೊಸಬರು ನೆಲದ ಕಡೆ ನೋಡುವುದೇ ಇಲ್ಲ. ತಪ್ಪೆಲ್ಲ ಬೆರಳಿನದೇ ಅಂದುಕೊಂಡು ಸುಮ್ಮನಾಗುತ್ತಾರೆ. ನೆಲ ಕೆಲವೊಮ್ಮೆ ನಿಜವಾಗಿಯೂ ಡೊಂಕಿರುತ್ತದೆ. ಪರೀಕ್ಷೆ ಮಾಡದೆ ಯಾವುದು ಅಂತ ಹೇಳೋಕೆ ಆಗಲ್ಲ.

ಮೊದಲು ನೋಡಬೇಕಾದ್ದು: ದೋಷ ಎಲ್ಲಿ ಕಾಣಿಸುತ್ತದೆ?

ಖಾಸಗಿಯಾಗಿ ಮೇಷ್ಟ್ರ ಹತ್ತಿರ ಕಲಿಯುವವರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಸರಿಯಾಗಿ ಬಳಸುವುದಿಲ್ಲ. ಲೈಟ್ ಉರಿಯದಿದ್ದರೆ ಆ ಬಲ್ಬನ್ನು ಬೇರೆ ಹೋಲ್ಡರಿಗೆ ಹಾಕಿ ನೋಡುತ್ತೇವಲ್ಲ, ಹಾಗೆ ಇಲ್ಲೂ ಅದಲು ಬದಲು ಮಾಡಿ ನೋಡಬಹುದು. ನಿಮ್ಮ ಕೈಗೆ ಅವರ ಗಿಟಾರ್, ಅವರ ಕೈಗೆ ನಿಮ್ಮ ಗಿಟಾರ್. ಅವರು ನುಡಿಸಿದರೂ ಜುಂಯ್ ಅಂದರೆ ದೋಷ ವಾದ್ಯದ್ದು. ಅವರ ಕೈಯಲ್ಲಿ ಸ್ವಚ್ಛವಾಗಿ ಬಂದು ನಿಮ್ಮ ಕೈಯಲ್ಲಿ ಕೆಟ್ಟರೆ ದೋಷ ಕೈಯದ್ದು. ಇಲ್ಲೊಂದು ಎಚ್ಚರಿಕೆ: ಪಳಗಿದ ಕೈ ಕೆಟ್ಟ ಗಿಟಾರನ್ನೂ ಮಾತಾಡಿಸಿಬಿಡುತ್ತದೆ. ಅದಕ್ಕೇ "ಬಂತಾ?" ಅಂತ ಕೇಳಬೇಡಿ, "ಹಿಡಿಯೋಕೆ ಕಷ್ಟ ಆಯ್ತಾ ಸರ್?" ಅಂತ ಕೇಳಿ.

ಒಂದೆರಡು ವಾರ ಸುಮ್ನೆ ಗಮನಿಸಿ. ಕ್ಲಾಸಿನಲ್ಲಿ ಮಾತ್ರ ಕೆಡುತ್ತದೋ, ಮನೆಯಲ್ಲಿ ಮಾತ್ರವೋ, ಎರಡೂ ಕಡೆಯೋ? ಅಥವಾ ಎರಡೂ ಕಡೆ ಬಂದದ್ದು ಮರುವಾರ ಮಾಯವಾಗುತ್ತದೋ? ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಮತ್ತೆ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಹೊಸ ತಂತಿ, ತಂತಿ ಮೀಟುವ ಹೊಸ ಪಿಕ್, ಹೊಸ ಕುರ್ಚಿ ಎಲ್ಲ ಒಂದೇ ದಿನ ಬಂದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಕ್ಲಾಸಿನಲ್ಲಿ ಬರುತ್ತದೆ, ಮನೆಯಲ್ಲಿ ಬರುವುದಿಲ್ಲ

ಮೊದಲ ಅನುಮಾನ ನಿಮ್ಮ ಗಿಟಾರಿನ ಮೇಲೇ ಇರಲಿ.

ನನ್ನದಕ್ಕೆ ಮೇಷ್ಟ್ರು ಮಾಡಿದ್ದು ಎರಡು ನಿಮಿಷದ ಪರೀಕ್ಷೆ. ಮೊದಲ ಫ್ರೆಟ್ಟಿಗೆ (ಗಿಟಾರಿನ ಕತ್ತಿನ ಮೇಲಿನ ಅಡ್ಡ ಕಂಬಿಗಳೇ ಫ್ರೆಟ್) ಕ್ಯಾಪೊ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ ಹಾಕಿ, ಅದೇ ಎಫ್ ಆಕಾರವನ್ನು ಒಂದು ಫ್ರೆಟ್ ಈಚೆಗೆ ಹಿಡಿಯಲು ಹೇಳಿದರು. ಹಿಡಿದೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. ಕ್ಯಾಪೊ ತೆಗೆದರೆ ಮತ್ತೆ ಅದೇ ಕಲ್ಲು. "ನಟ್ ಎತ್ತರ ಇದೆ" ಅಂದರು.

ನಟ್ ಅಂದರೆ ಗಿಟಾರಿನ ತಲೆಯ ಬುಡದಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ. ಅದರಲ್ಲಿ ಪ್ರತಿ ತಂತಿಗೂ ಒಂದು ಕಚ್ಚು ಇರುತ್ತದೆ. ಕಚ್ಚು ಸಾಕಷ್ಟು ಆಳ ಇಲ್ಲದಿದ್ದರೆ ಮೊದಲ ಫ್ರೆಟ್ಟಿನ ಹತ್ತಿರ ತಂತಿ ಮೇಲೆಯೇ ನಿಂತಿರುತ್ತದೆ, ಒತ್ತೋಕೆ ಎರಡರಷ್ಟು ಬಲ ಬೇಕು ಅನಿಸುತ್ತದೆ. ಕ್ಯಾಪೊ ಹಾಕಿದಾಗ ನಟ್‌ನ ಕೆಲಸವನ್ನು ಫ್ರೆಟ್ಟೇ ಮಾಡುತ್ತದೆ, ಹಾಗಾಗಿ ಕಷ್ಟ ಮಾಯ. ಕ್ಯಾಪೊ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ತಂತಿಯನ್ನು ಮೂರನೇ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, ಮೊದಲ ಫ್ರೆಟ್ಟಿನ ಮೇಲೆ ಎಷ್ಟು ಜಾಗ ಇದೆ ಅಂತ ನೋಡಿ. ಕೂದಲೆಳೆಯಷ್ಟು ಇರಬೇಕು. ದಪ್ಪ ಕಾಗದ ಸಲೀಸಾಗಿ ತೂರುವಷ್ಟಿದ್ದರೆ ನಟ್ ಎತ್ತರ. ಮೂರನೆಯದು ಕಿವಿಯ ಪರೀಕ್ಷೆ. ಆರನೇ ತಂತಿಯನ್ನು, ಅಂದರೆ ಎಲ್ಲಕ್ಕಿಂತ ದಪ್ಪದ್ದನ್ನು, ಸರಿಯಾಗಿ ಟ್ಯೂನ್ ಮಾಡಿ ಮೊದಲ ಫ್ರೆಟ್ಟಿನಲ್ಲಿ ಮೆಲ್ಲಗೆ ಒತ್ತಿ ಮೀಟಿ. ಟ್ಯೂನರ್ ಮುಳ್ಳು ಎಫ್‌ನ ನಡುವೆ ನಿಲ್ಲದೆ ಪದೇ ಪದೇ ಮೇಲಕ್ಕೆ ಹೋದರೆ ಅದೂ ನಟ್ ಕಡೆಗೇ ಬೆರಳು ತೋರಿಸುತ್ತದೆ.

ಇದನ್ನು ನೀವೇ ಅರ ಹಿಡಿದು ಉಜ್ಜಲು ಹೋಗಬೇಡಿ. ಒಂದು ಉಜ್ಜು ಜಾಸ್ತಿ ಆದರೆ ಬಿಟ್ಟ ತಂತಿಯೇ (ಎಲ್ಲೂ ಬೆರಳು ಒತ್ತದ ತಂತಿ) ಜುಂಯ್ ಅನ್ನುತ್ತದೆ, ಆಮೇಲೆ ನಟ್ಟನ್ನೇ ಬದಲಿಸಬೇಕು. ರಿಪೇರಿ ಗೊತ್ತಿರುವವರಿಗೆ ಇದು ದೊಡ್ಡ ಕೆಲಸವೇನಲ್ಲ.

ಕಷ್ಟ ಮೊದಲ ಫ್ರೆಟ್ಟಿನಲ್ಲಷ್ಟೇ ಅಲ್ಲ, ಗಿಟಾರಿನ ಹೊಟ್ಟೆಯ ಕಡೆ ಹೋದಷ್ಟೂ ಜಾಸ್ತಿ ಆಗುತ್ತದೆ ಅಂದರೆ ನೋಡಬೇಕಾದ್ದು ಆಕ್ಷನ್, ಅಂದರೆ ಫ್ರೆಟ್ಟಿನಿಂದ ತಂತಿಯ ಎತ್ತರ. 12ನೇ ಫ್ರೆಟ್ಟಿನ ನೆತ್ತಿಯಿಂದ ತಂತಿಯ ತಳಕ್ಕೆ ಎಷ್ಟು ಅಂತರ ಅಂತ ಸ್ಕೇಲ್ ಇಟ್ಟು ಅಳೆಯಿರಿ. ಸ್ಟೀಲ್ ತಂತಿಯ ಅಕೌಸ್ಟಿಕ್‌ನಲ್ಲಿ ದಪ್ಪ ತಂತಿಗೆ ಸುಮಾರು 2.5 ಮಿ.ಮೀ., ಸಣ್ಣ ತಂತಿಗೆ 2 ಮಿ.ಮೀ. ಸುತ್ತಮುತ್ತ ಇದ್ದರೆ ಆರಾಮ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿನಲ್ಲಿ 4 ಮತ್ತು 3 ಮಿ.ಮೀ. ಹತ್ತಿರ ಇರುವುದು ಮಾಮೂಲಿ. ಇದಕ್ಕಿಂತ ಒಂದು ಮಿ.ಮೀ. ಜಾಸ್ತಿ ಇದ್ದರೂ ಹೊಸಬರ ಕೈಗೆ ಅದು ಬೆಟ್ಟ. ತಂತಿಯ ದಪ್ಪವನ್ನೂ ಕೇಳಿ ತಿಳಿಯಿರಿ. ಮೊದಲ ತಂತಿ 0.012 ಇಂಚಿನದಾದರೆ ಆ ಸೆಟ್ಟಿನ ಆರೂ ತಂತಿ ಸೇರಿ ಗಿಟಾರಿನ ಕತ್ತನ್ನು 70 ಕೆಜಿಗೂ ಜಾಸ್ತಿ ಬಲದಲ್ಲಿ ಎಳೆಯುತ್ತಿರುತ್ತವೆ. 0.010ರ ಸೆಟ್ ಹಾಕಿದರೆ ಬೆರಳಿಗೆ ತಕ್ಷಣ ವ್ಯತ್ಯಾಸ ಗೊತ್ತಾಗುತ್ತದೆ. ನಾದ ಸ್ವಲ್ಪ ತೆಳು ಆಗಬಹುದು, ಈಗ ಅದರ ಚಿಂತೆ ಬೇಡ.

ಜುಂಯ್ ಸದ್ದಿಗೆ ಬೇರೆ ನಕ್ಷೆ. ಬಿಟ್ಟ ತಂತಿ ಮಾತ್ರ ಜುಂಯ್ ಅಂದರೆ ನಟ್ ಕಚ್ಚು ತಗ್ಗಿದೆ. ಮೊದಲ ಮೂರ್ನಾಲ್ಕು ಫ್ರೆಟ್ಟಿನಲ್ಲಿ ಮಾತ್ರ ಅಂದರೆ ಕತ್ತು ತೀರಾ ನೇರ ಆಗಿರಬಹುದು ಅಥವಾ ಹಿಂದಕ್ಕೆ ಬಾಗಿರಬಹುದು. ಒಂದೇ ಒಂದು ಜಾಗದಲ್ಲಿ ಅಂದರೆ ಅದರ ಪಕ್ಕದ ಫ್ರೆಟ್ ಎದ್ದಿದೆ. ಎಲ್ಲಿ ಒತ್ತಿದರೂ ಒಂದೇ ಥರ ಲೊಟಲೊಟ ಅಂದರೆ ತಂತಿಯನ್ನು ಬಿಟ್ಟು ಟ್ಯೂನಿಂಗ್ ಕೀಗಳ ನಟ್‌ಬೋಲ್ಟ್ ಸಡಿಲ ಆಗಿದೆಯಾ ನೋಡಿ. ನಾನೊಮ್ಮೆ ಅರ್ಧ ಸಂಜೆ ಹುಡುಕಿದ ಸದ್ದು ಕೊನೆಗೆ ನನ್ನ ಅಂಗಿಯ ಗುಂಡಿಯದಾಗಿತ್ತು.

ಇಷ್ಟೆಲ್ಲ ಸರಿ ಇದ್ದೂ ರೆಕಾರ್ಡಿಂಗ್ ಜೊತೆ ಕಾರ್ಡ್ ಹುಳಿ ಹುಳಿ ಕೇಳಿಸಿದರೆ ಟ್ಯೂನರ್ ಆ್ಯಪ್ ನೋಡಿ. ಅದರಲ್ಲಿ 440 (ಎ ಸ್ವರದ ಕಂಪನ, ಹರ್ಟ್ಜ್‌ನಲ್ಲಿ) ಅಂತ ಇರಬೇಕು. ಬೆರಳು ತಾಗಿ ಅದು 432 ಅಥವಾ 445 ಆಗಿದ್ದರೆ ಒಬ್ಬರೇ ನುಡಿಸುವಾಗ ಗೊತ್ತೇ ಆಗುವುದಿಲ್ಲ, ಮೇಷ್ಟ್ರು ಕಳಿಸಿದ ರೆಕಾರ್ಡಿಂಗ್ ಜೊತೆ ನುಡಿಸಿದಾಗ ಮಾತ್ರ ಅಪಸ್ವರ.

ಇನ್ನೊಂದು ಕಾರಣ ಗಿಟಾರಿನದ್ದೇ ಅಲ್ಲ. ಕ್ಲಾಸಿನಲ್ಲಿ ಮೇಷ್ಟ್ರು ನಿಮ್ಮ ಜೊತೆ ನುಡಿಸುತ್ತಾರಾ? ಹಾಗಿದ್ದರೆ ಅವರ ತಾಳ ನಿಮ್ಮ ತಪ್ಪನ್ನು ಮುಚ್ಚುತ್ತಿರಬಹುದು. ನೀವು ಅರ್ಧ ಕಾರ್ಡ್ ನುಂಗಿದರೂ ಕೋಣೆಯಲ್ಲಿ ಹಾಡು ಪೂರ್ತಿ ಕೇಳಿಸುತ್ತದೆ. ಒಮ್ಮೆ ಅವರನ್ನು ಸುಮ್ಮನಿರಲು ಹೇಳಿ, ಒಬ್ಬರೇ ನುಡಿಸಿ. ಆಗ ಕೆಟ್ಟರೆ ದೋಷ ಎರಡೂ ಕಡೆ ಇತ್ತು ಅಂತಲೇ ಅರ್ಥ.

ಮನೆಯಲ್ಲಿ ಬರುತ್ತದೆ, ಕ್ಲಾಸಿನಲ್ಲಿ ಬರುವುದಿಲ್ಲ

"ನಿನ್ನೆ ರಾತ್ರಿ ಚೆನ್ನಾಗಿ ಬಂತು ಸರ್, ನಿಜವಾಗ್ಲೂ" ಅಂತ ಹೇಳದ ವಿದ್ಯಾರ್ಥಿ ಇಲ್ಲ. ಸುಳ್ಳೇನೂ ಅಲ್ಲ. ಆದರೆ ನಿನ್ನೆ ಚೆನ್ನಾಗಿ ಬಂದದ್ದು ಹದಿನೈದನೇ ಸಲ. ಮೇಷ್ಟ್ರು ಕೇಳುವುದು ಮೊದಲನೇ ಸಲದ್ದು.

ಪರೀಕ್ಷೆ ಸುಲಭ. ಗಿಟಾರ್ ಕೈಗೆತ್ತಿಕೊಂಡ ತಕ್ಷಣ, ಬೆರಳು ಬೆಚ್ಚಗಾಗುವ ಮೊದಲೇ, ಫೋನಿನಲ್ಲಿ ರೆಕಾರ್ಡ್ ಒತ್ತಿ ಹಾಡನ್ನು ಒಂದು ಸಲ ನುಡಿಸಿ. ತಪ್ಪಿದರೂ ನಿಲ್ಲಿಸಬೇಡಿ. ಕ್ಲಾಸಿನಲ್ಲಿ ಬರುವುದು ಹೆಚ್ಚುಕಮ್ಮಿ ಇದೇ. ಮೊದಲ ದಿನ ಇದನ್ನು ಕೇಳಿ ನನಗೆ ನಾಚಿಕೆಯೇ ಆಯಿತು. ಕಾರ್ಡ್ ಬದಲಿಸುವ ಪ್ರತಿ ಜಾಗದಲ್ಲೂ ಒಂದು ಸಣ್ಣ ನಿಲುಗಡೆ ಇತ್ತು, ನುಡಿಸುವಾಗ ಅದು ಕೇಳಿಸಿಯೇ ಇರಲಿಲ್ಲ. ಮನೆಯಲ್ಲಿ ನಾವು ಕಷ್ಟದ ಜಾಗ ಬಂದಾಗ ತಾಳವನ್ನು ಎಳೆದು, ಸುಲಭದ ಜಾಗದಲ್ಲಿ ಓಡುತ್ತೇವೆ. ಮೇಷ್ಟ್ರು ಕಾಲು ತಟ್ಟಿದ ಕೂಡಲೇ ಆ ಸ್ವಾತಂತ್ರ್ಯ ಹೋಯಿತು.

ಅದಕ್ಕೆ ದಿನಕ್ಕೊಂದು ಸಲ ಈ ತಣ್ಣನೆಯ ಸುತ್ತು ಇರಲಿ, ತಾಳ ತಟ್ಟುವ ಮೆಟ್ರೊನೋಮ್ ಜೊತೆಗೆ. ವಾರದ ಕೊನೆಗೆ ಅದೊಂದೇ ಅಳತೆ ಸಾಕು. ಕೂರುವ ಜಾಗವನ್ನೂ ನೋಡಿಕೊಳ್ಳಿ. ಮಂಚದ ಮೇಲೆ ಕಾಲು ಮಡಿಸಿ ಕಲಿತದ್ದು ಗಟ್ಟಿ ಕುರ್ಚಿಯಲ್ಲಿ ಅದೇ ಕೋನದಲ್ಲಿ ಬರುವುದಿಲ್ಲ.

ಎರಡೂ ಕಡೆ ಬರುವುದಿಲ್ಲ

ಈಗ ಕೈಯ ಸರದಿ. ಇಲ್ಲಿ ಅವಸರ ಬೇಡ. ಒಂದೇ ಕಾರ್ಡ್ ತೆಗೆದುಕೊಂಡು ಒಂದೊಂದೇ ತಂತಿ ಮೀಟಿ ನೋಡಿ.

ಸಿ ಕಾರ್ಡ್ ಹಿಡಿಯೋಣ. ಉಂಗುರದ ಬೆರಳು ಐದನೇ ತಂತಿಯ ಮೂರನೇ ಫ್ರೆಟ್ಟಿನಲ್ಲಿ, ನಡುಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್ಟಿನಲ್ಲಿ, ತೋರುಬೆರಳು ಎರಡನೇ ತಂತಿಯ ಮೊದಲ ಫ್ರೆಟ್ಟಿನಲ್ಲಿ. ಮೂರನೇ ಮತ್ತು ಒಂದನೇ ತಂತಿ ಖಾಲಿ. ಐದರಿಂದ ಒಂದರವರೆಗೆ ನಿಧಾನ ಮೀಟಿ. ಒಂದನೇ ತಂತಿ ಟಕ್ ಅಂತ ಸತ್ತರೆ ಅಪರಾಧಿ ತೋರುಬೆರಳು, ಮಲಗಿಕೊಂಡು ಪಕ್ಕದ ತಂತಿಗೆ ತಾಗುತ್ತಿದೆ. ಮೂರನೆಯದು ಸತ್ತರೆ ನಡುಬೆರಳಿನ ಹೊಟ್ಟೆ. ನಾಲ್ಕನೆಯದು ಸತ್ತರೆ ನಡುಬೆರಳನ್ನೇ ಬೈಯಬೇಡಿ, ಉಂಗುರದ ಬೆರಳು ಮಲಗಿ ಅದನ್ನು ಮುಚ್ಚುತ್ತಿರಬಹುದು. ಅಂದರೆ ಸದ್ದು ಸತ್ತ ತಂತಿಯ ಮೇಲಿರುವ ಬೆರಳು ಎಷ್ಟೋ ಸಲ ನಿರಪರಾಧಿ. ನಾನು ವಾರಗಟ್ಟಲೆ ತಪ್ಪು ಬೆರಳನ್ನು ಗಟ್ಟಿಯಾಗಿ ಒತ್ತುತ್ತಿದ್ದೆ. ಒತ್ತಿದಷ್ಟೂ ಬೆರಳಿನ ಗಂಟು ಕುಸಿದು ಇನ್ನಷ್ಟು ಮಲಗುತ್ತದೆ, ಇನ್ನೊಂದು ತಂತಿಯೂ ಸಾಯುತ್ತದೆ. ಹಾಗಾದಾಗ ಒತ್ತುವುದನ್ನು ಬಿಟ್ಟು ಮಣಿಕಟ್ಟನ್ನು ಸ್ವಲ್ಪ ಮುಂದೆ ತನ್ನಿ. ಬೆರಳುಗಳು ತಾವೇ ಎದ್ದು ನಿಲ್ಲುತ್ತವೆ. ಎಡಗೈ ಉಗುರು ಬೆಳೆದಿದ್ದರೆ ಇದು ಯಾವುದೂ ಕೆಲಸ ಮಾಡಲ್ಲ, ಮೊದಲು ಕತ್ತರಿಸಿ.

ಎಷ್ಟು ಒತ್ತಬೇಕು ಅನ್ನೋದಕ್ಕೂ ಪರೀಕ್ಷೆ ಇದೆ. ಫ್ರೆಟ್ ಕಂಬಿಯ ಹಿಂದೆ, ಅದಕ್ಕೆ ಅಂಟಿಕೊಂಡ ಹಾಗೆ ಬೆರಳನ್ನು ಸುಮ್ನೆ ತಂತಿಯ ಮೇಲಿಡಿ. ಬಲಗೈಯಿಂದ ಬಿಡದೆ ಮೀಟುತ್ತಾ ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡಿ. ಟಕ್ ಟಕ್, ಆಮೇಲೆ ಜುಂಯ್, ಆಮೇಲೆ ಒಮ್ಮೆಲೇ ಸ್ವಚ್ಛ ಸ್ವರ. ಅಲ್ಲೇ ನಿಲ್ಲಿ. ಅಷ್ಟೇ ಸಾಕು. ಈಗ ಅದೇ ಬೆರಳನ್ನು ಎರಡು ಕಂಬಿಗಳ ನಡುಮಧ್ಯಕ್ಕೆ ಸರಿಸಿ ಮತ್ತೆ ಮಾಡಿ, ಎಷ್ಟು ಜಾಸ್ತಿ ಒತ್ತಬೇಕಾಯಿತು ಅಂತ ನಿಮಗೇ ತಿಳಿಯುತ್ತದೆ.

ಬೆರಳ ತುದಿ ಉರಿಯುವುದು ಸಹಜ, ದಿನಾ ಸ್ವಲ್ಪ ನುಡಿಸುತ್ತಿದ್ದರೆ ಎರಡರಿಂದ ನಾಲ್ಕು ವಾರದಲ್ಲಿ ಚರ್ಮ ಗಟ್ಟಿಯಾಗುತ್ತದೆ. ಮಣಿಕಟ್ಟು ನೋಯುವುದು, ಬೆರಳು ಜೋಮು ಹಿಡಿಯುವುದು ಸಹಜ ಅಲ್ಲ. ತಕ್ಷಣ ನಿಲ್ಲಿಸಿ, ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ತಾಳ ತಪ್ಪುತ್ತಿದ್ದರೆ ಯಾವ ಕೈ ತಪ್ಪುತ್ತಿದೆ ಅಂತ ಬೇರ್ಪಡಿಸಬೇಕು. ಎಡಗೈಯನ್ನು ಎಲ್ಲ ತಂತಿಗಳ ಮೇಲೆ ಸುಮ್ನೆ ಹಾಸಿ ಸದ್ದು ಮುಚ್ಚಿ, ಬಲಗೈಯಲ್ಲಿ ಮಾತ್ರ ಸ್ಟ್ರಮ್ ಮಾಡಿ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಮೀಟಿ. ಎರಡು ನಿಮಿಷ ತಾಳ ತಪ್ಪದೆ ನಡೆದರೆ ಬಲಗೈ ನಿರಪರಾಧಿ, ಎಡಗೈ ತಡವಾಗಿ ಬರುವುದರಿಂದ ಅದು ಕಾಯುತ್ತಿದೆ ಅಷ್ಟೇ.

ಆಗ ಲೆಕ್ಕ ಹಾಕಿ. ಹಾಡಿನ ವೇಗ ನಿಮಿಷಕ್ಕೆ 80 ಪೆಟ್ಟು, ನಾಲ್ಕು ಪೆಟ್ಟಿಗೊಮ್ಮೆ ಕಾರ್ಡ್ ಬದಲು ಅಂದರೆ ನಿಮಿಷಕ್ಕೆ 20 ಬದಲಾವಣೆ. ಎರಡು ಪೆಟ್ಟಿಗೊಮ್ಮೆ ಆದರೆ 40. ಈಗ ಟೈಮರ್ ಇಟ್ಟು, ಜಿ ಮತ್ತು ಸಿ ನಡುವೆ ಒಂದು ನಿಮಿಷದಲ್ಲಿ ಎಷ್ಟು ಸಲ ಸ್ವಚ್ಛವಾಗಿ ಬದಲಿಸುತ್ತೀರಿ ಎಣಿಸಿ. 18 ಬಂತಾ? ಹಾಗಾದರೆ ಈ ಹಾಡು ಈ ವೇಗದಲ್ಲಿ ಇವತ್ತು ಬರುವುದಿಲ್ಲ, ಹಣೆಬರಹದ ಪ್ರಶ್ನೆಯೇ ಇಲ್ಲ. ಹಾಡಿಗೆ 20 ಬೇಕಿದ್ದರೆ ನಾನು 35, 40 ಆಗುವ ತನಕ ಕಾಯುತ್ತೇನೆ, ಯಾಕಂದರೆ ಹಾಡಿನಲ್ಲಿ ಬಲಗೈಗೂ ಗಮನ ಹೋಗುತ್ತದೆ. ಹಾಡನ್ನೇ ಮೊದಲಿಂದ ಕೊನೆಗೆ ಇಪ್ಪತ್ತು ಸಲ ನುಡಿಸುವುದಕ್ಕಿಂತ ಈ ಒಂದು ನಿಮಿಷ ಎಷ್ಟೋ ಲೇಸು.

ಬಂದದ್ದು ಮರುವಾರ ಮಾಯ

ಕೆಲಸದ ಗಡಿಬಿಡಿಯಲ್ಲಿರುವವರ ನಿಜವಾದ ರೋಗ ಇದು. ಮಂಗಳವಾರ ಕ್ಲಾಸು, ಗಿಟಾರ್ ಚೀಲದಿಂದ ಹೊರಬರುವುದು ಭಾನುವಾರ. ಅಷ್ಟರಲ್ಲಿ ಮೇಷ್ಟ್ರು ತೋರಿಸಿದ ಬಲಗೈ ಮಾದರಿ ಕೆಳಗೆ ಕೆಳಗೆ ಮೇಲೆಯೋ, ಕೆಳಗೆ ಮೇಲೆ ಮೇಲೆಯೋ ಮರೆತಿರುತ್ತದೆ. ತಪ್ಪು ಮಾದರಿಯನ್ನೇ ಎರಡು ಗಂಟೆ ತಿದ್ದಿ ತೀಡಿ ಕಲಿತು, ಮಂಗಳವಾರ ಅದನ್ನು ಅಳಿಸಲು ಇನ್ನರ್ಧ ಗಂಟೆ.

ಭಾನುವಾರದ ಎರಡು ಗಂಟೆಯ ಮೇಲೆ ನನಗೆ ನಂಬಿಕೆ ಇಲ್ಲ. ಬ್ರಿಟನ್ನಿನಲ್ಲಿ ಅಂಚೆ ನೌಕರರಿಗೆ ಟೈಪಿಂಗ್ ಕಲಿಸುವಾಗ ಆಲನ್ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಸಂಶೋಧಕರು ಇದನ್ನೇ ಪರೀಕ್ಷಿಸಿ 1978ರಲ್ಲಿ ಪ್ರಕಟಿಸಿದರು. ಅದೂ ಬೆರಳಿನ ವಿದ್ಯೆಯೇ ಅಲ್ವಾ. ದಿನಕ್ಕೆ ಒಂದೇ ಗಂಟೆ ಕಲಿತವರಿಗೆ ಒಟ್ಟು ಕಡಿಮೆ ಗಂಟೆ ಸಾಕಾಯಿತು. ದಿನಕ್ಕೆ ನಾಲ್ಕು ಗಂಟೆ ಕೂತವರಿಗೆ ಅದೇ ಮಟ್ಟಕ್ಕೆ ಬರಲು ಜಾಸ್ತಿ ಗಂಟೆ ಬೇಕಾಯಿತು. ತಮಾಷೆ ಅಂದರೆ, ತಮ್ಮ ತರಬೇತಿಯ ಬಗ್ಗೆ ಸಮಾಧಾನ ಕಡಿಮೆ ಇದ್ದದ್ದು ಒಂದು ಗಂಟೆಯವರಿಗೇ. ದಿನಗಳ ಲೆಕ್ಕದಲ್ಲಿ ಅವರು ಹಿಂದೆ ಉಳಿದಿದ್ದರು. ಹತ್ತು ನಿಮಿಷ ನುಡಿಸಿ ಎದ್ದಾಗ "ಇದೇನು ಮಹಾ" ಅನಿಸುವುದು ಇದೇ ಮನಸ್ಸು, ಅದನ್ನು ನಂಬಬೇಡಿ.

ನನಗೆ ಕೆಲಸ ಮಾಡಿದ್ದು ಎರಡೇ. ಗಿಟಾರನ್ನು ಚೀಲದಿಂದ ತೆಗೆದು, ಶೂ ಬಿಚ್ಚಿ ಕೂರುವ ಕುರ್ಚಿಯ ಪಕ್ಕ ಸ್ಟ್ಯಾಂಡಿನಲ್ಲಿ ಇಟ್ಟೆ. ಬಿಸಿಲು ಬೀಳದ ಕಡೆ ಇರಲಿ, ಮರ ಒಣಗಿದರೂ ಉಬ್ಬಿದರೂ ಶ್ರುತಿ ಹೋಗುತ್ತದೆ. ಎರಡನೆಯದು, ಕ್ಲಾಸ್ ಆದ ದಿನ ರಾತ್ರಿಯೇ, ಇಲ್ಲಾ ಮರುದಿನ ಬೆಳಿಗ್ಗೆಯೇ ಹತ್ತು ನಿಮಿಷ. ಮಾದರಿ ಇನ್ನೂ ನೆನಪಿರುವಾಗ ಒಮ್ಮೆ ಮುಟ್ಟಿದರೆ ಭಾನುವಾರಕ್ಕೆ ಸರಿಯಾದದ್ದೇ ಉಳಿದಿರುತ್ತದೆ.

ಪಾಠದಲ್ಲೇ ದೋಷ ಇದ್ದರೆ

ಇದನ್ನು ಕೇಳಲು ಮುಜುಗರ. ಆದರೂ ಪರೀಕ್ಷೆ ಮಾಡಿ. ಮೇಷ್ಟ್ರ ಒಪ್ಪಿಗೆ ಪಡೆದು ಒಂದು ಕ್ಲಾಸನ್ನು ಪೂರ್ತಿ ರೆಕಾರ್ಡ್ ಮಾಡಿ, ಯಾರು ಎಷ್ಟು ನಿಮಿಷ ನುಡಿಸಿದರು ಅಂತ ಎಣಿಸಿ. ಅರ್ಧದಷ್ಟು ಹೊತ್ತಾದರೂ ನಿಮ್ಮ ಗಿಟಾರಿನ ಸದ್ದು ಇರಬೇಕು ಅನ್ನುವುದು ನನ್ನ ಅಂದಾಜು. ಅವರ ನುಡಿಸಾಣಿಕೆಯೇ ಜಾಸ್ತಿ ಇದ್ದರೆ ನೀವು ದುಡ್ಡು ಕೊಟ್ಟು ಕಚೇರಿ ಕೇಳುತ್ತಿದ್ದೀರಿ. ಪ್ರತಿ ವಾರ ಹೊಸ ಹಾಡು ಬಂದು ಹಳೆಯದು ಅರ್ಧಕ್ಕೇ ನಿಂತರೆ ಅದೂ ದೋಷವೇ, ಆದರೆ ಅದರಲ್ಲಿ ನಮ್ಮ ಪಾಲೂ ಇರುತ್ತದೆ. ಅರ್ಥ ಆಗದಿದ್ದರೂ "ಹೂಂ ಸರ್" ಅಂದವರು ನಾವೇ ತಾನೇ? "ಸರ್, ಈ ವಾರ ಹೊಸದು ಬೇಡ, ಇದನ್ನೇ ಇನ್ನೊಂದು ಸಲ ನೋಡೋಣ" ಅಂದರೆ ಬೇಜಾರು ಮಾಡಿಕೊಳ್ಳುವ ಮೇಷ್ಟ್ರನ್ನು ನಾನಂತೂ ಕಂಡಿಲ್ಲ.

ಕೊನೆಯ ಐದು ನಿಮಿಷ ಮಾತ್ರ ಬಿಟ್ಟುಕೊಡಬೇಡಿ. ಆ ವಾರದ ಪಾಠವನ್ನು ಅವರಿಂದಲೇ ನಿಧಾನವಾಗಿ ನುಡಿಸಿ ಫೋನಿನಲ್ಲಿ ಹಿಡಿದುಕೊಳ್ಳಿ, ಕೈ ಕಾಣಿಸುವ ಹಾಗೆ. ಏನು ನುಡಿಸಬೇಕು, ಯಾವ ವೇಗಕ್ಕೆ ತರಬೇಕು ಅಂತ ಒಂದೆರಡು ಸಾಲು ಬರೆದುಕೊಳ್ಳಿ. "ಜಿ ಸಿ ಡಿ, 70, ನಿಲ್ಲದೆ ನಾಲ್ಕು ಸುತ್ತು" ಅಂತಿದ್ದರೆ ಮುಗಿಯಿತೋ ಇಲ್ಲವೋ ಗೊತ್ತಾಗುತ್ತದೆ. "ಚೆನ್ನಾಗಿ ಪ್ರಾಕ್ಟೀಸ್ ಮಾಡಿ" ಅನ್ನುವುದು ಎಂದೂ ಮುಗಿಯದ ಹೋಂವರ್ಕ್.

ನನ್ನ ನಟ್ ಸರಿಯಾದ ಮೇಲೆ ಎಫ್ ಮರುದಿನವೇ ಬರಲಿಲ್ಲ, ಇನ್ನೂ ಮೂರು ವಾರ ಹಿಡಿಯಿತು. ತೋರುಬೆರಳನ್ನು ಚಪ್ಪಟೆಯಾಗಿ ಒತ್ತುತ್ತಿದ್ದೆ, ಸ್ವಲ್ಪ ಪಕ್ಕಕ್ಕೆ ಹೊರಳಿಸಿ ಮೂಳೆಯ ಅಂಚಿನಲ್ಲಿ ಹಿಡಿಯಬೇಕಿತ್ತು. ಅಂದರೆ ನೆಲವೂ ಡೊಂಕಿತ್ತು, ಕುಣಿತವೂ ಡೊಂಕಿತ್ತು. ಅದರ ನಡುವೆ ಒಂದು ವಾರ ಆಫೀಸಿನ ಕೆಲಸದಲ್ಲಿ ಗಿಟಾರ್ ಮುಟ್ಟಲೇ ಆಗಲಿಲ್ಲ. ಕ್ಲಾಸ್ ರದ್ದು ಮಾಡಲು ಫೋನ್ ಮಾಡಿದೆ. "ಮುಟ್ಟಿಲ್ವಾ? ಹಾಗಾದರೆ ಬನ್ನಿ, ಇಲ್ಲೇ ಪ್ರಾಕ್ಟೀಸ್ ಮಾಡಿ, ನಾನು ನೋಡ್ತಾ ಕೂತಿರ್ತೀನಿ" ಅಂದರು ಮೇಷ್ಟ್ರು. ತೋರುಬೆರಳು ಚಪ್ಪಟೆ ಇರುವುದು ಅವರ ಕಣ್ಣಿಗೆ ಬಿದ್ದದ್ದು ಆ ದಿನವೇ.